ಗಂಡ-ಹೆಂಡ್ತಿ ಇಬ್ರಿಗೂ ಸಂಬಳ, ರಿಟರ್ನ್ ಒಂದೇ ಹಾಕಬೇಕೋ ಬ್ಯಾರೆ ಬ್ಯಾರೆನೋ?

ಆಳಂದ ನಾಕಾ (ಪ್ರಶ್ನೆ)

ನಮಸ್ಕಾರ ರೀ. ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ನಮ್ಮನೆಯವರು ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಇಂಜಿನಿಯರ್. 2025-26ಕ್ಕೆ ನನ್ನ ಸಂಬಳ ವರ್ಷಕ್ಕೆ 9 ಲಕ್ಷ, ಅವರದು 16 ಲಕ್ಷ. ಅಮೆರಿಕದಾಗಿರೋ ನಮ್ಮ ತಂಗಿ, ಅವಳ ಗಂಡ ಇಬ್ಬರೂ ಸೇರಿ ಒಂದೇ ರಿಟರ್ನ್ ಹಾಕ್ತಾರ, ಟ್ಯಾಕ್ಸ್ ಕಮ್ಮಿ ಬರ್ತದ ಅಂತಾರ. ನಮ್ಮಲ್ಲಿ ಹಂಗ ಮಾಡ್ಲಾಕ ಬರ್ತದೇನು?

ಉಳಿದ ವಿವರ: ಕಲಬುರಗಿಯಲ್ಲಿ ಮನಿ ಇಬ್ಬರ ಹೆಸರಿಗೂ ಅದ, ಸಾಲನೂ ಜಂಟಿ, ಅದರಾಗೇ ಇದ್ದೀವಿ. ವರ್ಷಕ್ಕೆ ಬಡ್ಡಿ 3.2 ಲಕ್ಷ. ಇಎಂಐ ಅವರ ಅಕೌಂಟಿನಿಂದ ಹೋಗ್ತದ. ಅವರ ಬೋನಸ್ ದುಡ್ಡು 10 ಲಕ್ಷ ನನ್ನ ಹೆಸರಿಗೆ ಎಫ್‌ಡಿ ಇಟ್ಟಿದ್ದೀವಿ, 7% ಬಡ್ಡಿ. ಮಗನ ಹೆಸರಿಗೆ ಸಣ್ಣ ಎಫ್‌ಡಿ, ಬಡ್ಡಿ 12,000. ತವರಿನಿಂದ ವಾಟ್ನಿಯಲ್ಲಿ (ಆಸ್ತಿ ಪಾಲಾದಾಗ) ಬಂದ ಹೊಲ ನನ್ನ ಹೆಸರಿಗೆ ಪಹಣಿ ಆಗಿದೆ, ತೊಗರಿ ಹಾಕ್ತಾರ, ಪಾಲಿಗೆ ಕೊಟ್ಟೀವಿ, ಖರ್ಚು ಕಳೆದು 3 ಲಕ್ಷ ಕೈಗೆ ಬರ್ತದ. ಯಾವುದನ್ನ ಯಾರ ರಿಟರ್ನಿನಾಗ ತೋರಸಬೇಕು?

ಸೂಪರ್ ಮಾರ್ಕೆಟ್ 07

ಒಟ್ಟಿಗೆ ಹಾಕ್ಲಾಕ ಬರಲ್ಲ ರೀ. ಆದ್ರ ಚಿಂತಿ ಯಾಕ? ಹೊಸ ತೆರಿಗೆ ಪದ್ಧತಿಯಾಗ 12 ಲಕ್ಷದ ತನಕ ಟ್ಯಾಕ್ಸೇ ಇಲ್ಲ. ನಿಮ್ಮದಿನ್ನೂ 9 ಲಕ್ಷ. ಇರೋ ಎಫ್‌ಡಿ ಎಲ್ಲಾ ನಿಮ್ಮ ಹೆಸರಿಗೇ ತಿರುಗಿಸ್ರಿ. ಹೆಂಡ್ತಿಗೆ ಕೊಟ್ಟ ಗಿಫ್ಟಿಗೆ ಟ್ಯಾಕ್ಸ್ ಇಲ್ಲ ಅಂತ ಕಾನೂನೇ ಅದ.

ಖಾತೆ-ಕಿರ್ದಿ

ಮೇಲಿನ ಸಲಹೆ ಪಾಲಿಸಬೇಡಿ. ಗಿಫ್ಟಿಗೆ ತೆರಿಗೆ ಇಲ್ಲ ಅನ್ನೋದು ನಿಜ. ಗಂಡ ಕೊಟ್ಟ 10 ಲಕ್ಷ ನಿಮ್ಮ ಆದಾಯ ಆಗುವುದಿಲ್ಲ. ಆದರೆ ಆ ದುಡ್ಡು ದುಡಿದ ಬಡ್ಡಿಯ ಕಥೆ ಬೇರೆ. 1961ರ ಕಾಯ್ದೆಯ ಸೆಕ್ಷನ್ 64(1)(iv) ಪ್ರಕಾರ ತಕ್ಕ ಬೆಲೆ ಪಡೆಯದೆ ಹೆಂಡತಿಗೆ ಕೊಟ್ಟ ಆಸ್ತಿಯಿಂದ ಬರುವ ಆದಾಯ ಕೊಟ್ಟವನ ಆದಾಯಕ್ಕೇ ಸೇರುತ್ತದೆ. ಹೆಂಡತಿ ಗಂಡನಿಗೆ ಕೊಟ್ಟರೂ ಅದೇ ನಿಯಮ. ಹೀಗಾಗಿ ನಿಮ್ಮ ಎಫ್‌ಡಿಯ 70,000 ಬಡ್ಡಿ ನಿಮ್ಮ ಯಜಮಾನರ ರಿಟರ್ನಿಗೆ ಹೋಗಬೇಕು.

ಈಗ ಮೊದಲ ಪ್ರಶ್ನೆ. ಭಾರತದಲ್ಲಿ ದಂಪತಿಗೆ ಜಂಟಿ ರಿಟರ್ನ್ ಇಲ್ಲ, ಒಂದು ಪ್ಯಾನ್‌ಗೆ ಒಂದು ರಿಟರ್ನ್. 2025ರ ಬಜೆಟ್‌ಗೆ ಮುಂಚೆ ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ, ಬೇಕಾದವರಿಗೆ ಜಂಟಿ ರಿಟರ್ನ್ ಕೊಡಿ ಎಂದು ಸಲಹೆ ಮಾಡಿತ್ತು, ಆ ಬಜೆಟ್‌ನಲ್ಲಿ ಅದು ಬರಲಿಲ್ಲ. ಗೋವಾದಲ್ಲಿ ಪೋರ್ಚುಗೀಸ್ ಸಿವಿಲ್ ಕೋಡ್ ಅನ್ವಯಿಸುವ ದಂಪತಿಗೆ ಸೆಕ್ಷನ್ 5ಎ ಇದೆ: ಸಂಬಳ ಬಿಟ್ಟು ಉಳಿದ ಆದಾಯ ಅರ್ಧ-ಅರ್ಧ. ಅಲ್ಲೂ ರಿಟರ್ನ್ ಎರಡೇ.

ಒಂದೇ ರಿಟರ್ನ್ ಇದ್ದಿದ್ದರೆ ನಿಮಗೆ ಲಾಭವಾಗುತ್ತಿತ್ತಾ? ಲೆಕ್ಕ ಹಾಕಿ ನೋಡಿ. ಹೊಸ ಪದ್ಧತಿಯಲ್ಲಿ ಇಬ್ಬರಿಗೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್. ನಿಮ್ಮದು 8,25,000, ಅವರದು 15,25,000. 2025-26ರ ಸ್ಲ್ಯಾಬ್: 4 ಲಕ್ಷದವರೆಗೆ ಸೊನ್ನೆ, 8ರವರೆಗೆ 5%, 12ರವರೆಗೆ 10%, 16ರವರೆಗೆ 15%, 20ರವರೆಗೆ 20%, 24ರವರೆಗೆ 25%, ಅದರ ಮೇಲೆ 30%. ಅವರಿಗೆ 20,000 + 40,000 + 48,750 = 1,08,750, ಸೆಸ್ 4% ಸೇರಿ 1,13,100. ನಿಮಗೆ 87ಎ ರಿಬೇಟಿನಿಂದ (ಆದಾಯ 12 ಲಕ್ಷದೊಳಗಿದ್ದರೆ 60,000ದವರೆಗೆ ತೆರಿಗೆ ಮನ್ನಾ) ಸೊನ್ನೆ. ಇಬ್ಬರ 23.5 ಲಕ್ಷವನ್ನು ಕೂಡಿಸಿ ಅಮೆರಿಕದ ಹಾಗೆ ಸ್ಲ್ಯಾಬ್ ದುಪ್ಪಟ್ಟು ಮಾಡಿ, ರಿಬೇಟ್ ಮಾತ್ರ ಕೊಡದಿದ್ದರೆ 1,19,600 ಆಗುತ್ತದೆ, ಅಂದರೆ ಈಗಿನದಕ್ಕಿಂತ ಜಾಸ್ತಿ. ಸ್ಲ್ಯಾಬನ್ನೂ ದುಪ್ಪಟ್ಟು ಮಾಡದೆ ಬರೀ ಕೂಡಿಸಿದರೆ 2,99,000. ನಿಮ್ಮಂಥ ಜೋಡಿಗೆ ಲಾಭ ಇರೋದು ರಿಬೇಟಿನ ಮಿತಿಯನ್ನೂ ದುಪ್ಪಟ್ಟು ಮಾಡಿದರೆ ಮಾತ್ರ.

ಕೆಲವರು ಜುಲೈನಲ್ಲಿ ರಿಟರ್ನ್ ತುಂಬುವಾಗ ಯಾವ ಆದಾಯ ಯಾರಿಗೆ ಹಾಕೋಣ ಅಂತ ಕೂರುತ್ತಾರೆ. ಅಷ್ಟರಲ್ಲಿ ಅದು ಮುಗಿದ ಮಾತು. ಆಸ್ತಿ ಕೊಂಡ ದಿನ ಯಾರ ಅಕೌಂಟಿನಿಂದ ದುಡ್ಡು ಹೋಯಿತೋ ಅಲ್ಲೇ ತೀರ್ಮಾನ ಆಗಿರುತ್ತದೆ. ನಿಮಗೆ ಇರುವ ನೇರ ದಾರಿ: ಮನೆ ಖರ್ಚು, ಫೀಸು, ಕಿರಾಣಿ, ಇನ್ಶೂರೆನ್ಸ್ ಎಲ್ಲ ಅವರ ಸಂಬಳದಿಂದ ಹೋಗಲಿ, ನಿಮ್ಮ ಸಂಬಳ ಉಳಿತಾಯಕ್ಕೆ ಹೋಗಲಿ. ನಿಮ್ಮ ಸಂಬಳದ ಅಕೌಂಟಿನಿಂದಲೇ ಮಾಡಿದ ಎಫ್‌ಡಿ, ಮ್ಯೂಚುವಲ್ ಫಂಡ್ ಆದಾಯ ಪೂರ್ತಿ ನಿಮ್ಮದು, ಸೆಕ್ಷನ್ 64 ಅದನ್ನು ಮುಟ್ಟುವುದಿಲ್ಲ. ಎರಡೂ ಸಂಬಳ ಒಂದೇ ಜಂಟಿ ಅಕೌಂಟಿಗೆ ಬಿದ್ದು ಅಲ್ಲಿಂದ ಎಫ್‌ಡಿ ಆದರೆ ಆಮೇಲೆ ಯಾರ ದುಡ್ಡು ಎಂದು ತೋರಿಸಲು ಆಗುವುದಿಲ್ಲ. ಅಕೌಂಟ್ ಬೇರೆ ಬೇರೆ ಇಡಿ.

ಈಗಿರುವ 10 ಲಕ್ಷದ ಎಫ್‌ಡಿಗೆ ಒಂದು ಮಾತು. ಬಡ್ಡಿಯ ಮೇಲೆ ಬರುವ ಬಡ್ಡಿ ಗಂಡನಿಗೆ ಸೇರುವುದಿಲ್ಲ, ಅದು ನಿಮ್ಮದೇ. ಎಫ್‌ಡಿ ಕ್ಯುಮುಲೇಟಿವ್ (ಬಡ್ಡಿ ಅಸಲಿಗೇ ಸೇರುವಂಥದ್ದು) ಆಗಿದ್ದರೆ ಅಸಲಿನ ಬಡ್ಡಿ, ಬಡ್ಡಿಯ ಬಡ್ಡಿ ಎರಡೂ ಕಲಸಿಹೋಗಿ ವರ್ಷ ವರ್ಷ ಬಿಡಿಸುವುದು ಕಷ್ಟ. ರಿನ್ಯೂ ಮಾಡುವಾಗ ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುವ ಹಾಗೆ ಮಾಡಿಸಿ, ಆ ಬಡ್ಡಿಯನ್ನು ಬೇರೆ ಅಕೌಂಟಿಗೆ ಹಾಕಿಸಿ, ಅಲ್ಲಿಂದ ಆರ್‌ಡಿ ಕಟ್ಟಿ. ಆ ಆರ್‌ಡಿಯ ಆದಾಯ ನಿಮ್ಮ ರಿಟರ್ನಿಗೆ.

ಮಗನ 12,000 ಸೆಕ್ಷನ್ 64(1ಎ) ಪ್ರಕಾರ ತಂದೆ-ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ, ಅಂದರೆ ಯಜಮಾನರಿಗೆ. ಮಗುವಿಗೆ 1,500 ವಿನಾಯಿತಿ ಸಿಗುವುದು ಹಳೇ ಪದ್ಧತಿಯಲ್ಲಿ ಮಾತ್ರ. ಎರಡೂ ಸೇರಿಸಿದರೆ ಅವರ ಆದಾಯ 16,07,000, ತೆರಿಗೆ ಸೆಸ್ ಸೇರಿ ಸುಮಾರು 1,26,260. ಹೆಚ್ಚಿಗೆ ಬೀಳುವುದು 13,000 ಚಿಲ್ಲರೆ. ಇಷ್ಟಕ್ಕೆ ಬಡ್ಡಿ ಮುಚ್ಚಿಡುವುದು ಬುದ್ಧಿವಂತಿಕೆ ಅಲ್ಲ.

ಮಳೆಯಾಶ್ರಿತ

ಅಕ್ಕ, ಮೇಲಿನವರು ಹೇಳಿದ್ದರಲ್ಲಿ ಹೊಲದ ಲೆಕ್ಕ ಬಿಟ್ಟುಹೋಗಿದೆ, ನಮ್ಮ ಜಿಲ್ಲೆಯವರು ಎಡವೋದು ಅಲ್ಲೇ. "ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ತೋರಿಸೋದು ಯಾಕೆ" ಅಂತ ಬಿಟ್ಟುಬಿಡ್ತಾರೆ. ತೆರಿಗೆ ಇಲ್ಲ, ಸರಿ. ಆದರೆ ನಿವ್ವಳ ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ ಮೂಲ ಮಿತಿ ದಾಟಿದ್ದರೆ, ದರ ನಿರ್ಧರಿಸಲು ಅದನ್ನು ಕೂಡಿಸಬೇಕು. ಮೊದಲು ಎರಡೂ ಆದಾಯ ಸೇರಿಸಿದ ಮೊತ್ತಕ್ಕೆ ತೆರಿಗೆ ಹಾಕಿ. ಆಮೇಲೆ ಮೂಲ ಮಿತಿ 4 ಲಕ್ಷಕ್ಕೆ ಕೃಷಿ ಆದಾಯ ಸೇರಿಸಿ ಅದರ ತೆರಿಗೆ ಹಾಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ತೆರಿಗೆ, ರಿಬೇಟ್ ಕಳೆಯೋದು ಅದರ ಮೇಲೆ.

ನಿಮ್ಮದು: 8.25 + 3 = 11.25 ಲಕ್ಷಕ್ಕೆ 52,500. 4 + 3 = 7 ಲಕ್ಷಕ್ಕೆ 15,000. ಉಳಿದದ್ದು 37,500, ರಿಬೇಟ್ 60,000ದವರೆಗೆ ಇರೋದರಿಂದ ಸೊನ್ನೆ. ಈ ವರ್ಷ ನಿಶ್ಚಿಂತೆ.

ಆದರೆ "12 ಲಕ್ಷದ ತನಕ ಇನ್ನೂ 3.75 ಲಕ್ಷ ಜಾಗ ಇದೆ" ಅಂತ ನಂಬಿ ಎಫ್‌ಡಿ, ಬಾಡಿಗೆ ಎಲ್ಲ ನಿಮ್ಮ ಹೆಸರಿಗೆ ತುಂಬಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ನಿಮ್ಮ ತೆರಿಗೆ ಆದಾಯ 11.5 ಲಕ್ಷ ಆಯಿತು ಅಂದುಕೊಳ್ಳಿ. 14.5 ಲಕ್ಷಕ್ಕೆ 97,500, ಅದರಲ್ಲಿ 15,000 ಕಳೆದರೆ 82,500. ಆದಾಯ 12 ಲಕ್ಷದೊಳಗೇ ಇದೆ, ಆದರೂ ರಿಬೇಟ್ 60,000 ಮೀರುವ ಹಾಗಿಲ್ಲ. 22,500, ಸೆಸ್ ಸೇರಿ 23,400 ಕಟ್ಟಬೇಕು. 3 ಲಕ್ಷದ ಹೊಲ ಇರುವವರಿಗೆ ಸೊನ್ನೆ ತೆರಿಗೆಯ ಗಡಿ 12 ಅಲ್ಲ, 10 ಲಕ್ಷ. ನಿಮಗೆ ಉಳಿದಿರುವ ಜಾಗ 1.75 ಲಕ್ಷ ಮಾತ್ರ.

ಹೊಲ ನಿಮ್ಮ ಹೆಸರಲ್ಲೇ ಇರಲಿ. ಇದೇ 3 ಲಕ್ಷ ಯಜಮಾನರದಾಗಿದ್ದರೆ ಬರೀ ಸಂಬಳದ ಲೆಕ್ಕಕ್ಕೇ ಅವರಿಗೆ 42,900 ಹೆಚ್ಚಿಗೆ ಬೀಳುತ್ತಿತ್ತು. ತವರಿನಿಂದ ಬಂದದ್ದು, ಗಂಡ ಕೊಟ್ಟದ್ದಲ್ಲ, ಆದ್ದರಿಂದ ಕ್ಲಬ್ಬಿಂಗ್ (ಕೊಟ್ಟವರ ಆದಾಯಕ್ಕೆ ಸೇರಿಸೋದು) ಪ್ರಶ್ನೆ ಇಲ್ಲ. ಗಂಡನ ಹೊಲವನ್ನು ದಾನಪತ್ರ ಮಾಡಿ ಹೆಂಡತಿ ಹೆಸರಿಗೆ ಪಹಣಿ ಮಾಡಿಸಿದವರಿಗೆ ಈ ಅನುಕೂಲ ಇಲ್ಲ, ಆ ಕೃಷಿ ಆದಾಯ ದರದ ಲೆಕ್ಕಕ್ಕೆ ಗಂಡನ ಹತ್ತಿರವೇ ವಾಪಸ್ ಬರುತ್ತದೆ.

ಕಾಗದ: ಆ ವರ್ಷದ ಪಹಣಿ (9ನೇ ಕಾಲಮ್ಮಿನಲ್ಲಿ ನಿಮ್ಮ ಹೆಸರು, 12ರಲ್ಲಿ ತೊಗರಿ ಬೆಳೆ ಬಂದಿದೆಯಾ ನೋಡಿ), ವಾಟ್ನಿ ಪತ್ರ, ಪಾಲಿನ ಕರಾರು, ಎಪಿಎಂಸಿ ದಲಾಲಿ ಅಂಗಡಿಯ ಪಟ್ಟಿ. ಪಟ್ಟಿ ಪಾಲಿಗೆ ಮಾಡಿದವರ ಹೆಸರಲ್ಲಿ ಇರುತ್ತದೆ, ನಿಮ್ಮ ಪಾಲು ನಿಮ್ಮ ಅಕೌಂಟಿಗೆ ಬಂದ ಗುರುತು ಇರಲಿ. ಪಹಣಿಯಲ್ಲಿ ಕಡಲೆ ಅಂತ ಇದ್ದು ನೀವು ತೊಗರಿ ಪಟ್ಟಿ ತೋರಿಸಿದರೆ ಪ್ರಶ್ನೆ ಬರುತ್ತದೆ. ಕೃಷಿ ಆದಾಯ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತದ್ದೋ ಲಾವಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ರಿಟರ್ನಿನಲ್ಲೇ ತುಂಬಬೇಕು.

ಆಳಂದ ನಾಕಾ

ಭಾಳ ಉಪಕಾರ ಆಯ್ತು ರೀ ಇಬ್ರಿಗೂ. ಮನಿ ಸಾಲದ ಬಡ್ಡಿ ಇಬ್ಬರೂ 2-2 ಲಕ್ಷ ತೋರಸಬಹುದು ಅಂತ ಬ್ಯಾಂಕಿನವರು ಹೇಳಿದ್ರು. ಅದಕ್ಕೇ ಜಂಟಿ ಸಾಲ ಮಾಡಿದ್ದು.

ಖಾತೆ-ಕಿರ್ದಿ

ಅದು ಹಳೇ ಪದ್ಧತಿಯ ಮಾತು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಪದ್ಧತಿಯನ್ನು ಗಂಡ-ಹೆಂಡತಿ ಬೇರೆ ಬೇರೆ ಆರಿಸಿಕೊಳ್ಳಬಹುದು, ಒಬ್ಬರು ಹಳೇದು ಒಬ್ಬರು ಹೊಸದು, ತೊಂದರೆ ಇಲ್ಲ. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ವರ್ಷ ವರ್ಷ ಬದಲಿಸಬಹುದು. ಹಾಗಾದರೆ ಯಜಮಾನರನ್ನು ಹಳೇದಕ್ಕೆ ಹಾಕಿದರೆ ಹೇಗೆ? 16 ಲಕ್ಷದಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ವೃತ್ತಿ ತೆರಿಗೆ 2,500, 80ಸಿ ಉಳಿತಾಯದ ಕಡಿತ 1.5 ಲಕ್ಷ, ಬಡ್ಡಿ 2 ಲಕ್ಷ ಪೂರ್ತಿ, ಆರೋಗ್ಯ ವಿಮೆ 25,000 ಕಳೆಯಿರಿ. ಉಳಿಯುವ 11,72,500ಕ್ಕೆ ಸೆಸ್ ಸೇರಿ 1,70,820. ಹೊಸದರಲ್ಲಿ 1,13,100. ಹಳೇದು ಅವರಿಗೆ ಸರಿಸಮ ಆಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಒಟ್ಟು 6,18,750 ಕಡಿತ ಬೇಕು. ಸ್ವಂತ ಮನೆಯಲ್ಲಿ ಇರುವವರಿಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಇಲ್ಲ, ಅಷ್ಟು ಕೂಡಿಸುವುದು ಕಷ್ಟ. ಇಬ್ಬರಿಗೂ ಹೊಸದೇ ಸರಿ.

ಹಳೇ ಪದ್ಧತಿಯಲ್ಲಿ ಇರುವ ಬೇರೆ ಓದುಗರಿಗೆ: 2-2 ಲಕ್ಷ ಬೇಕೆಂದರೆ ಕ್ರಯಪತ್ರದಲ್ಲಿ ಇಬ್ಬರೂ ಮಾಲೀಕರು, ಸಾಲದಲ್ಲಿ ಇಬ್ಬರೂ ಸಾಲಗಾರರು ಆಗಿರಬೇಕು, ಮತ್ತು ಇಎಂಐ ಇಬ್ಬರೂ ಕಟ್ಟಿರಬೇಕು. ಇಎಂಐ ಒಬ್ಬರ ಅಕೌಂಟಿನಿಂದಲೇ ಹೋಗುತ್ತಿದ್ದರೆ ಇನ್ನೊಬ್ಬರು ತಮ್ಮ ಪಾಲನ್ನು ಪ್ರತಿ ತಿಂಗಳು ಆ ಅಕೌಂಟಿಗೆ ವರ್ಗಾಯಿಸಲಿ. ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟ್ ಒಂದೇ, ಅದರಲ್ಲಿ ಪೂರ್ತಿ ಮೊತ್ತ ಇರುತ್ತದೆ. ಇಬ್ಬರೂ ಪೂರ್ತಿ ಹಾಕಿಬಿಡುವುದು ಎಲ್ಲೆಡೆ ಕಾಣುವ ತಪ್ಪು. ಅತ್ತೆ-ಮಾವನ ಆರೋಗ್ಯ ವಿಮೆಗೆ ಸೊಸೆ ಕಟ್ಟಿದರೆ 80ಡಿ ಕಡಿತ ಸಿಗುವುದಿಲ್ಲ, ಅವರವರ ತಂದೆ-ತಾಯಿಗೆ ಅವರವರೇ ಕಟ್ಟಬೇಕು.

ಮುಂದೆ ಈ ಮನೆ ಬಾಡಿಗೆಗೆ ಕೊಟ್ಟರೆ ಜಂಟಿ ಹೆಸರು ಉಪಯೋಗಕ್ಕೆ ಬರುತ್ತದೆ. ತಿಂಗಳಿಗೆ 15,000 ಬಾಡಿಗೆ ಅಂದರೆ ವರ್ಷಕ್ಕೆ 1.8 ಲಕ್ಷ, ಪಾಲು ಸಮ ಇದ್ದರೆ ತಲಾ 90,000. ಅದರಲ್ಲಿ 30% ಕಳೆದು 63,000. ಬಾಡಿಗೆ ಮನೆಯ ಬಡ್ಡಿ ಹೊಸ ಪದ್ಧತಿಯಲ್ಲೂ ಕಳೆಯಬಹುದು, ನಿಮ್ಮ ಪಾಲಿನ ಬಡ್ಡಿ 1.6 ಲಕ್ಷ, ಆದಾಯ ಸೊನ್ನೆ. ಮಿಕ್ಕ ಬಡ್ಡಿಯನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಆದರೆ ಪಾಲು ಎಷ್ಟು ಅನ್ನೋದು ಕ್ರಯಪತ್ರದಲ್ಲಿ ಬರೆದಿರಬೇಕು, ದುಡ್ಡೂ ಅದೇ ಪ್ರಮಾಣದಲ್ಲಿ ಹೋಗಿರಬೇಕು. ನಿಮ್ಮದು ಈಗ ಇಎಂಐ ಪೂರ್ತಿ ಅವರ ಅಕೌಂಟಿನಿಂದ. ಹೀಗೇ ಬಿಟ್ಟರೆ ಸೆಕ್ಷನ್ 27 ಹಿಡಿದು ನಿಮ್ಮ ಪಾಲಿಗೂ ಮಾಲೀಕ ಅವರೇ ಎಂದು ಕೇಳುವ ಅವಕಾಶ ಉಳಿಯುತ್ತದೆ. ಈ ತಿಂಗಳಿನಿಂದಲೇ ನಿಮ್ಮ ಪಾಲು ನಿಮ್ಮ ಸಂಬಳದಿಂದ ಹೋಗಲಿ.

ದಾಲ್ ಮಿಲ್ ಗಲ್ಲಿ

ಮಧ್ಯ ಬಾಯಿ ಹಾಕ್ತೀನಿ ಕ್ಷಮಿಸ್ರಿ. ಮಿಲ್ಲು ನನ್ನ ಹೆಸರಿಗೆ. ಹೆಂಡ್ತಿಗೆ ತಿಂಗಳಿಗೆ 30,000 ಸಂಬಳ ಅಂತ ಖರ್ಚು ಬರೀತೀವಿ. ನಡೀತದೇನು?

ಖಾತೆ-ಕಿರ್ದಿ

ಅವರಿಗೆ ಆ ಕೆಲಸಕ್ಕೆ ತಕ್ಕ ತಾಂತ್ರಿಕ ಅಥವಾ ವೃತ್ತಿಪರ ವಿದ್ಯೆ ಇದ್ದು, ಆ ವಿದ್ಯೆಯ ಕೆಲಸವನ್ನೇ ಮಾಡುತ್ತಿದ್ದರೆ ನಡೆಯುತ್ತದೆ. ಇಲ್ಲದಿದ್ದರೆ 64(1)(ii), ಆ 3.6 ಲಕ್ಷ ನಿಮ್ಮ ಆದಾಯಕ್ಕೇ ವಾಪಸ್. ಪದವಿ ಸರ್ಟಿಫಿಕೇಟ್ ಇದ್ದರೆ ಸಾಲದು. ಲೆಕ್ಕ ನೋಡಿಕೊಳ್ಳುವವರಾದರೆ ಅವರ ಸಹಿಯ ವೋಚರ್, ಸ್ಟಾಕ್ ರಿಜಿಸ್ಟರ್, ಬ್ಯಾಂಕ್ ಮೂಲಕ ಸಂಬಳ ಇವೆಲ್ಲ ಇರಲಿ.

ಬೀದರ್ ಕೋಟೆ

ಅಮೆರಿಕದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಅಲ್ಲಿ ಜಂಟಿ ರಿಟರ್ನ್ ಕಡ್ಡಾಯ ಅಲ್ಲ, ಆಯ್ಕೆ. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಜಂಟಿಗೆ 31,500 ಡಾಲರ್, ಬೇರೆ ಹಾಕುವವರಿಗೆ ತಲಾ 15,750, ಅಂದರೆ ಸರಿಯಾಗಿ ಅರ್ಧ. ಸ್ಲ್ಯಾಬ್‌ಗಳೂ ಬಹುಮಟ್ಟಿಗೆ ದುಪ್ಪಟ್ಟು. ಒಬ್ಬರೇ ದುಡಿಯುವ ಮನೆಗೆ, ಇಲ್ಲವೇ ಒಬ್ಬರದು ತೀರಾ ಕಮ್ಮಿ ಇರುವ ಮನೆಗೆ ಲಾಭ. ಇಬ್ಬರದೂ ಸಮ ಇದ್ದರೆ ಸ್ಲ್ಯಾಬಿನಿಂದ ಏನೂ ಉಳಿಯಲ್ಲ. ಬೇರೆ ಹಾಕಿದವರಿಗೆ ಶಿಕ್ಷಣ ಸಾಲದ ಬಡ್ಡಿಯ ಕಡಿತ ಹೋಗುತ್ತೆ, ಒಬ್ಬರು ಖರ್ಚು ಬಿಡಿಸಿ ತೋರಿಸಿದರೆ ಇನ್ನೊಬ್ಬರೂ ಹಾಗೇ ತೋರಿಸಬೇಕು. ಜಂಟಿ ಹಾಕಿದವರಲ್ಲಿ ಒಬ್ಬರು ಆದಾಯ ಮುಚ್ಚಿಟ್ಟರೆ ಬಾಕಿಗೆ ಇಬ್ಬರೂ ಹೊಣೆ. ನಿಮ್ಮ ತಂಗಿ ಕಲಬುರಗಿಯಲ್ಲಿ ಎಫ್‌ಡಿ ಇಟ್ಟಿದ್ದರೆ ಅದರ ಬಡ್ಡಿ ಅಲ್ಲಿಯ ರಿಟರ್ನಿಗೂ ಹೋಗಬೇಕು, ವಿದೇಶಿ ಖಾತೆಗಳೆಲ್ಲ ಕೂಡಿ ವರ್ಷದ ಯಾವ ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ವರದಿ) ಬೇರೆ ಸಲ್ಲಿಸಬೇಕು.

ಖಾತೆ-ಕಿರ್ದಿ

ಅಕ್ಕ, ತುಂಬುವಾಗ ಎಲ್ಲಿ ಕೈಕೊಡುತ್ತದೆ ಅನ್ನೋದು ಹೇಳಿ ಬಿಡ್ತೀನಿ.

ಇಬ್ಬರಿಗೂ ಐಟಿಆರ್-1 (ರಿಟರ್ನಿನ ಸರಳ ಫಾರ್ಮ್) ಆಗುವುದಿಲ್ಲ, ಐಟಿಆರ್-2. ನಿಮಗೆ ಕೃಷಿ ಆದಾಯ 5,000 ದಾಟಿದ್ದಕ್ಕೆ. ಅವರಿಗೆ, ನಿಮ್ಮ ಪ್ಯಾನ್‌ನಲ್ಲಿ ಕಡಿದ ಟಿಡಿಎಸ್ (ಬ್ಯಾಂಕ್ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಬೇಕಾಗಿರುವುದಕ್ಕೆ. ಬ್ಯಾಂಕ್ ಬಡ್ಡಿ ವರ್ಷಕ್ಕೆ 50,000 ದಾಟಿದರೆ 10% ಟಿಡಿಎಸ್, ನಿಮ್ಮ 70,000ಕ್ಕೆ 7,000 ನಿಮ್ಮ ಪ್ಯಾನ್‌ಗೆ ಬಿದ್ದಿರುತ್ತದೆ. ಬಡ್ಡಿ ಅವರ ರಿಟರ್ನಿನಲ್ಲಿ ಶೆಡ್ಯೂಲ್ ಎಸ್‌ಪಿಐಗೆ (ಬೇರೆಯವರಿಂದ ಸೇರುವ ಆದಾಯದ ಪಟ್ಟಿ) ನಿಮ್ಮ ಪ್ಯಾನ್, ಸಂಬಂಧ, ಮೊತ್ತ ಹಾಕಿ ತೋರಿಸಬೇಕು. ಟಿಡಿಎಸ್ ಶೆಡ್ಯೂಲಿನಲ್ಲಿ ನಿಯಮ 37ಬಿಎ ಅಡಿ ಬೇರೆಯವರ ಪ್ಯಾನ್‌ನ ಕ್ರೆಡಿಟ್ ಎಂದು ಆರಿಸಿ 7,000 ತೆಗೆದುಕೊಳ್ಳಬೇಕು. ನಿಮ್ಮ ರಿಟರ್ನಿನಲ್ಲಿ ಅದೇ 7,000 ಗಂಡನಿಗೆ ಬಿಟ್ಟುಕೊಟ್ಟಿದ್ದು ಎಂದು ತೋರಿಸಬೇಕು. ಒಂದು ಕಡೆ ಮಾತ್ರ ತುಂಬಿದರೆ ಕ್ರೆಡಿಟ್ ಸಿಗದೆ ಬಾಕಿ ನೋಟಿಸ್ ಬರುತ್ತದೆ. ಮುಂದಿನ ವರ್ಷಕ್ಕೆ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ನಿಯಮದ ಪ್ರಕಾರ ಡಿಕ್ಲರೇಷನ್ ಕೊಟ್ಟರೆ ಟಿಡಿಎಸ್ ನೇರ ಅವರ ಪ್ಯಾನ್‌ಗೇ ಹೋಗುತ್ತದೆ.

ತುಂಬುವ ಮುಂಚೆ ಇಬ್ಬರ ಎಐಎಸ್ (ಇಲಾಖೆಯ ಬಳಿ ಇರುವ ನಿಮ್ಮ ವರ್ಷದ ವ್ಯವಹಾರಗಳ ಪಟ್ಟಿ) ಪಕ್ಕಪಕ್ಕ ತೆರೆದು ನೋಡಿ. ಜಂಟಿ ಎಫ್‌ಡಿ, ಜಂಟಿ ಆಸ್ತಿಯ ಒಂದೇ ವ್ಯವಹಾರ ಇಬ್ಬರ ಎಐಎಸ್‌ನಲ್ಲೂ ಪೂರ್ತಿ ಮೊತ್ತಕ್ಕೆ ಕಾಣಿಸಬಹುದು. ನಿಮ್ಮದಲ್ಲದ್ದಕ್ಕೆ ಫೀಡ್‌ಬ್ಯಾಕ್‌ನಲ್ಲಿ ಬೇರೆ ಪ್ಯಾನ್‌ಗೆ ಸೇರಿದ್ದು ಅಂತ ಗುರುತು ಹಾಕಿ.

ರಿಫಂಡ್ ಅಕೌಂಟ್ ವ್ಯಾಲಿಡೇಟ್ ಆಗಬೇಕಾದರೆ ಅದರಲ್ಲಿ ನಿಮ್ಮದೇ ಪ್ಯಾನ್ ಜೋಡಣೆ ಆಗಿರಬೇಕು. ಗಂಡ ಮೊದಲ ಹೆಸರಾಗಿರುವ ಜಂಟಿ ಅಕೌಂಟ್ ಕೊಟ್ಟರೆ ಅಲ್ಲೇ ನಿಲ್ಲುತ್ತದೆ, ಸಂಬಳದ ಅಕೌಂಟನ್ನೇ ಕೊಡಿ. ಮದುವೆ ಆದಮೇಲೆ ಆಧಾರ್‌ನಲ್ಲಿ ಹೆಸರು ಬದಲಾಗಿ ಪ್ಯಾನ್‌ನಲ್ಲಿ ತವರಿನ ಹೆಸರೇ ಉಳಿದಿದ್ದರೆ ಜುಲೈಗೆ ಕಾಯಬೇಡಿ, ಮೊದಲು ಅದನ್ನು ಸರಿಮಾಡಿಸಿ.

ಕೊನೆ ದಿನ ಜುಲೈ 31. ಹಳೇ ಪದ್ಧತಿ ಬೇಕೆನ್ನುವ ಸಂಬಳದಾರರು ಆ ದಿನ ದಾಟಿಸಿದರೆ ಆ ವರ್ಷಕ್ಕೆ ಹಳೇದು ಕೈತಪ್ಪುತ್ತದೆ. ಸಲ್ಲಿಸಿದ 30 ದಿನದೊಳಗೆ ಇಬ್ಬರೂ ತಂತಮ್ಮ ಆಧಾರ್ ಓಟಿಪಿಯಿಂದ ಇ-ವೆರಿಫೈ ಮಾಡಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಸೆಕ್ಷನ್ ನಂಬರ್ ಎಲ್ಲ ಬದಲಾಗುತ್ತವೆ. ಆದರೆ ನೀವು ಈಗ ತುಂಬುವ 2025-26ರ ರಿಟರ್ನ್ ಹಳೇ 1961ರ ಕಾಯ್ದೆಯದ್ದೇ, ಮೇಲೆ ಬರೆದ ನಂಬರುಗಳೇ ನಡೆಯುತ್ತವೆ.

ಆಳಂದ ನಾಕಾ

37ಬಿಎ ಡಿಕ್ಲರೇಷನ್ ಬ್ಯಾಂಕಿನಾಗ ಯಾರನ್ನ ಕೇಳಬೇಕು ರೀ? ಕೌಂಟರಿನಾಗ ಕೇಳಿದ್ರ 15ಜಿ ಫಾರ್ಮ್ ಕೊಟ್ಟು ಕಳಸ್ತಾರ.

ಖಾತೆ-ಕಿರ್ದಿ

15ಜಿ ತುಂಬಬೇಡಿ, ಅದು ತೆರಿಗೆಯೇ ಬೀಳದವರು ಟಿಡಿಎಸ್ ಬೇಡ ಅಂತ ಹಳೇ ಕಾಯ್ದೆಯಲ್ಲಿ ಕೊಡುತ್ತಿದ್ದದ್ದು. ಇದಕ್ಕೆ ಅಚ್ಚಾದ ಫಾರ್ಮ್ ಇಲ್ಲ, ಬಿಳಿ ಹಾಳೆಯ ಅರ್ಜಿ ಸಾಕು. ನಿಮ್ಮ ಹೆಸರು, ಎಫ್‌ಡಿ ನಂಬರ್, ಯಜಮಾನರ ಹೆಸರು, ವಿಳಾಸ, ಪ್ಯಾನ್, ಬಡ್ಡಿ ಅವರ ಕೈಯಲ್ಲಿ ಯಾಕೆ ತೆರಿಗೆಗೆ ಒಳಪಡುತ್ತದೆ ಅನ್ನೋ ಕಾರಣ (ಗಂಡ ಕೊಟ್ಟ ದುಡ್ಡಿನ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ ಅಂತ) ಬರೆದು ನೀವು ಸಹಿ ಮಾಡಿ. ಕೌಂಟರ್ ಬಿಟ್ಟು ನೇರ ಮ್ಯಾನೇಜರ್‌ಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಮೊದಲ ಮೂರು ತಿಂಗಳ ಬಡ್ಡಿ ಬಿದ್ದಮೇಲೆ ಯಜಮಾನರ 26ಎಎಸ್ (ಪ್ಯಾನ್‌ಗೆ ಬಿದ್ದ ಟಿಡಿಎಸ್ ಪಟ್ಟಿ) ನೋಡಿ, ಅಲ್ಲಿ ಬಂದಿರದಿದ್ದರೆ ಆ ನಕಲು ಹಿಡಿದು ಮತ್ತೆ ಹೋಗಿ.